ಭೂಮಿಗೆ ಎರಡು ಸುತ್ತು, ಮುಂಬೈಗೆ ಸೀಟಿಲ್ಲ

ಭಾವ ದೋಹಾದಲ್ಲಿ 14 ವರ್ಷ ದುಡಿದು 62,000 ಮೈಲು ಕೂಡಿಟ್ಟಿದ್ದಾರೆ. ಮೈಲು ಅಂದರೆ ವಿಮಾನ ಹತ್ತಿದ್ದಕ್ಕೆ ಕಂಪನಿ ಕೊಡುವ ಪಾಯಿಂಟು, ದುಡ್ಡಿನ ಬದಲು ಅದನ್ನೇ ಕೊಟ್ಟು ಟಿಕೆಟ್ ತಗೊಳ್ಳಬಹುದು. ಭೂಮಿಗೆ ಒಂದು ಸುತ್ತು ಅಂದರೆ ಸುಮಾರು 25,000 ಮೈಲು. ಎರಡು ಸುತ್ತು ಬಂದರೂ ಕೈಯಲ್ಲಿ ಚಿಲ್ಲರೆ ಉಳಿಯುತ್ತದೆ. ಆದರೆ ಅತ್ತೆಯನ್ನು ಮಂಗಳೂರಿನಿಂದ ಮುಂಬೈಗೆ ಕಳಿಸಲು ಸಾಲಲಿಲ್ಲ.

ಮೈಲು ಕೊಟ್ಟ ಕಂಪನಿಯ ವಿಮಾನ ಆ ದಾರಿಯಲ್ಲಿಲ್ಲ, ಅದರ ಪಾರ್ಟ್‌ನರ್ ಕಂಪನಿಯದ್ದಿದೆ. ಫೋನ್ ಮಾಡಿದರೆ, "ಸೀಟು ಪಾರ್ಟ್‌ನರ್ ಬಿಡಬೇಕು ಸರ್." ಪಾರ್ಟ್‌ನರ್‌ಗೆ ಮಾಡಿದರೆ, "ಮೈಲು ಅವರದ್ದಲ್ವಾ, ಅವರನ್ನೇ ಕೇಳಿ." ದುಡ್ಡು ಕೊಡ್ತೇನೆ ಅಂದರೆ ಅದೇ ವಿಮಾನದಲ್ಲಿ ಕಿಟಕಿ ಪಕ್ಕವೇ ಸಿಗುತ್ತದೆ!

ಕಾಸರಗೋಡಿನವರಿಗೆ ಇದು ಹೊಸದಲ್ಲ. ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಎರಡು ಕೌಂಟರುಗಳ ನಡುವೆ ಓಡಾಡಿಕೊಂಡೇ ಇದ್ದೇವೆ. ಆದರೆ ನಮ್ಮ ಬಸ್ಸುಗಳನ್ನು ನೋಡಿ. ಎರಡೂ ರಾಜ್ಯದ ಬಸ್ಸಿಗೆ ಕೆಎಸ್‌ಆರ್‌ಟಿಸಿ ಅಂತಲೇ ಹೆಸರು, ಅದಕ್ಕಾಗಿ ಕೋರ್ಟಿನವರೆಗೆ ಜಗಳ. ನಾವು ಮಾತ್ರ ಯಾವುದು ಮೊದಲು ಬಂತೋ ಅದಕ್ಕೆ ಹತ್ತುತ್ತೇವೆ. ಗಡಿಯ ತಲಪಾಡಿಯಲ್ಲಿ ಕಂಡಕ್ಟರು, "ಇಲ್ಲಿಂದಾಚೆ ಪಾರ್ಟ್‌ನರ್ ಸೀಟು, ಇಳೀರಿ" ಅಂದದ್ದು ನಾನಂತೂ ಕಂಡಿಲ್ಲ. ವಿಮಾನದವರಿಗೆ ಆರು ತಿಂಗಳು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಟ್ರೇನಿಂಗ್ ಕೊಡಬೇಕು.

ಇನ್ನು ಹೆಸರಿನ ಕತೆ. ಕಳೆದ ವರ್ಷ ಭಾವ ಪಾರ್ಟ್‌ನರ್ ವಿಮಾನದಲ್ಲಿ ಬಂದದ್ದರ ಮೈಲು ಖಾತೆಗೆ ಸೇರಲೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿದೆ. ಖಾತೆಯಲ್ಲಿ ಬರೀ ಇನಿಶಿಯಲ್. ಇಬ್ಬರೂ ಒಬ್ಬರೇ ಅಂತ ತೋರಿಸಲು ಬೋರ್ಡಿಂಗ್ ಪಾಸ್ ಬೇಕಂತೆ. ಅಕ್ಕ ಅದನ್ನು ಪಂಚಾಂಗದ ಒಳಗೆ ಜೋಪಾನ ಮಾಡಿಟ್ಟಿದ್ದಳು. ತೆಗೆದು ನೋಡಿದರೆ ಅಕ್ಷರವೆಲ್ಲ ಮಾಸಿ ಬರೀ ಬಿಳಿ ಕಾಗದ, ಮೂಲೆಯಲ್ಲಿ ಒಂದಿಷ್ಟು ಕುಂಕುಮ.

ಇಷ್ಟು ಹೊತ್ತು ನಗಾಡಿದೆ, ಈಗ ಸಾಕು. ಆ ಮೈಲು ಯಾರೂ ಬಿಟ್ಟಿ ಕೊಟ್ಟದ್ದಲ್ಲ. ಅದರಲ್ಲಿ ಅಪ್ಪ ತೀರಿಕೊಂಡ ದಿನ ಭಾವ ಮೂರು ಪಟ್ಟು ದುಡ್ಡು ಕೊಟ್ಟು ಹತ್ತಿದ ವಿಮಾನದ್ದೂ ಇದೆ. ಅವತ್ತು ಯಾವ ಕಂಪನಿಯೂ ಪಾರ್ಟ್‌ನರ್‌ನ ಕೇಳಿ ಅನ್ನಲಿಲ್ಲ. ದುಡ್ಡು ತಕೊಂಡಿತು.

ಕೊನೆಗೂ ಒಂದು ಸೀಟು ಬಂತು. ಬೆಂಗಳೂರಿನಲ್ಲಿ ಒಂಬತ್ತು ಗಂಟೆ ಕಾಯಬೇಕು, ಮೇಲಿಂದ ತೆರಿಗೆ, ಸರ್‌ಚಾರ್ಜು ಬೇರೆ. ಅತ್ತೆ ಸುಮ್ನೆ ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರು, ಬುತ್ತಿಗೆ ಪುಳಿಯೋಗರೆ ಕಟ್ಟಿಕೊಂಡು.

ನಿನ್ನೆ ಭಾವನಿಗೆ ಮೇಲ್ ಬಂದಿದೆ. ಮೈಲುಗಳ ಅವಧಿ ಮುಗಿಯುತ್ತಾ ಬಂತು, ಬೇಕಾದರೆ ಬದಲಿಗೆ ಒಂದು ಸೂಟ್‌ಕೇಸ್ ಕೊಡ್ತಾರಂತೆ.