ಮೋಟನ್ ಫೀಲ್ಡ್ ಬಗ್ಗೆ ಒಂದು ಸ್ಪಷ್ಟನೆ

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗೀ ಊರಲ್ಲಿರುವ ಮೋಟನ್ ಫೀಲ್ಡ್ ಎಂಬ ವಿಮಾನ ಮೈದಾನದ ಬಗ್ಗೆ ಒಂದು ಮಾತು ಹರಿದಾಡುತ್ತಿದೆ. ಎರಡನೇ ಮಹಾಯುದ್ಧದ ಕಪ್ಪು ಪೈಲಟ್‌ಗಳ ಪೂರ್ತಿ ತರಬೇತಿ ನಡೆದಿದ್ದು ಇಲ್ಲೇ, ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ವಿಮಾನ ಹತ್ತಿದ್ದೂ ಇಲ್ಲೇ, ಈಗ ಅದು ಬರೀ ಮ್ಯೂಸಿಯಂ ಅಂತ. ಮೂರೂ ಸರಿಯಲ್ಲ.

1941ರಲ್ಲಿ ಅದೇ ಊರಿನ ಕಪ್ಪು ಜನರ ಕಾಲೇಜಾದ ಟಸ್ಕೀಗೀ ಇನ್‌ಸ್ಟಿಟ್ಯೂಟ್ ಇದನ್ನು ಕಟ್ಟಿಸಿದ್ದು ಮೊದಲ ಹಂತದ ತರಬೇತಿಗೆ ಮಾತ್ರ. ಹುಡುಗರು ಸ್ಟೀರ್‌ಮನ್ ವಿಮಾನದಲ್ಲಿ ಹಾರಲು ಕಲಿಯುತ್ತಿದ್ದರು. ಮೇಲೊಂದು ಕೆಳಗೊಂದು ರೆಕ್ಕೆ ಇರುತ್ತಲ್ಲ, ಅದು. ಇಲ್ಲಿ ಪಾಸಾದವರು ಹತ್ತಿರದಲ್ಲೇ ಇದ್ದ ಸೇನೆಯ ದೊಡ್ಡ ನೆಲೆ, ಟಸ್ಕೀಗೀ ಆರ್ಮಿ ಏರ್ ಫೀಲ್ಡ್‌ಗೆ ಹೋಗುತ್ತಿದ್ದರು. ಮುಂದಿನ ಹಂತಗಳೆಲ್ಲ ಅಲ್ಲಿ. ಪೈಲಟ್ ಬ್ಯಾಡ್ಜ್ ಸಿಗುತ್ತಿದ್ದುದೂ ಅಲ್ಲೇ. ಮೊದಲ ತಂಡದಲ್ಲಿ 13 ಮಂದಿ ಶುರು ಮಾಡಿದ್ದರು. 1942ರ ಮಾರ್ಚ್‌ನಲ್ಲಿ ಕೊನೆ ಮುಟ್ಟಿದವರು 5 ಜನ. ಎಷ್ಟು ಕಷ್ಟವಿತ್ತು ನೋಡಿ! ಎರಡು ಜಾಗಗಳನ್ನೂ ಸುಮ್ನೆ ಒಂದೇ ಮಾಡಿಬಿಟ್ಟರೆ ಆ ದಾರಿಯ ಅರ್ಧ ಅಳಿಸಿಹೋಗುತ್ತದೆ, ಅಲ್ವಾ?

ಎಲೀನರ್ ಅವರು ಮುಖ್ಯ ತರಬೇತುದಾರ ಚಾರ್ಲ್ಸ್ ಆಲ್ಫ್ರೆಡ್ ಆಂಡರ್ಸನ್ ಜೊತೆ ಹಾರಿದ್ದು 1941ರ ಮಾರ್ಚ್‌ನಲ್ಲಿ. ಆಗ ಮೋಟನ್ ಫೀಲ್ಡ್‌ನಲ್ಲಿ ತರಬೇತಿಯೇ ಶುರುವಾಗಿರಲಿಲ್ಲ. ಆ ಹಾರಾಟ ನಡೆದದ್ದು ಅದಕ್ಕಿಂತ ಹಳೆಯದಾದ ಕೆನಡಿ ಫೀಲ್ಡ್‌ನಲ್ಲಿ.

ಇನ್ನು ಮ್ಯೂಸಿಯಂ ಮಾತು. ವಿಮಾನ ನಿಲ್ಲಿಸುವ ಶೆಡ್‌ಗಳು, ಅಂದರೆ ಹಳೆಯ ಹ್ಯಾಂಗರ್‌ಗಳ ಜಾಗ 1998ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು, ನಿಜ. ಆದರೆ ಪಕ್ಕದ ರನ್‌ವೇ ಇವತ್ತಿಗೂ ಊರಿನ ವಿಮಾನ ನಿಲ್ದಾಣ. ಸಣ್ಣ ವಿಮಾನಗಳು ಈಗಲೂ ಅಲ್ಲಿ ಇಳಿಯುತ್ತವೆ.