ಅದು ವಿಷದ ಚೂರಿ ಅಲ್ಲ, ಬರೆಯುವ ಕಂಟ

ಉಡುಪಿ ಕಡೆಯ ಹಳೆ ಮನೆಯ ಅಟ್ಟದಲ್ಲಿ ‘ವಿಷದ ಚೂರಿ’ ಸಿಕ್ಕಿದೆ ಅಂತ ವಾಟ್ಸಾಪ್‌ನಲ್ಲಿ ಒಂದು ಫೋಟೊ ಓಡಾಡುತ್ತಿದೆ. ಸುಮ್ನೆ ಹೆದರಬೇಡಿ ಮಾರಾಯ್ರೆ. ಅದು ಕಂಟ, ಅಂದರೆ ತಾಳೆಗರಿಯಲ್ಲಿ ಬರೆಯುವ ಕಬ್ಬಿಣದ ಲೇಖನಿ.

ಫೋಟೊ ಸ್ವಲ್ಪ ದೊಡ್ಡದು ಮಾಡಿ ನೋಡಿ. ಒಂದು ತುದಿ ಸೂಜಿಯ ಹಾಗೆ ಚೂಪು, ಇನ್ನೊಂದು ಕಡೆ ಸಣ್ಣ ಕತ್ತಿ. ಆ ಕತ್ತಿ ಗರಿಯ ಅಂಚು ಸವರಲಿಕ್ಕೆ. ಚೂಪು ತುದಿಯಿಂದ ಅಕ್ಷರ ಕೊರೆಯುತ್ತಾರೆ, ಆದರೆ ಶಾಯಿ ಇಲ್ಲದ ಕಾರಣ ಬರೆದದ್ದು ಸರಿಯಾಗಿ ಕಾಣುವುದೇ ಇಲ್ಲ, ಆಮೇಲೆ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ತಿಕ್ಕಿ ಬಟ್ಟೆಯಲ್ಲಿ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಎದ್ದು ಬರುತ್ತದೆ. ನಮ್ಮ ತುಳು, ಕನ್ನಡ ಓಲೆಗಳೆಲ್ಲ ಹೀಗೇ ಬರೆದವು.

ತುಕ್ಕು ಹಿಡಿದಿದೆ ಅಂತ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಅದೇ ಅಟ್ಟದಲ್ಲಿ ಓಲೆಕಟ್ಟೂ ಇರಬಹುದು, ಒಮ್ಮೆ ಹುಡುಕಿ.