ಬಾಯಿ ಕಟ್ಟಿಸುವ ಬಿಲ್ಲು

ದರ್ಶಿನಿಯಲ್ಲಿ ನಿಂತು ತಿನ್ನುವಾಗ ನಮಗಿರುವ ಧೈರ್ಯ ದುಬಾರಿ ಹೋಟೆಲಿನಲ್ಲಿ ಕುಳಿತು ಉಣ್ಣುವಾಗ ಎಲ್ಲಿ ಅಡಗುತ್ತದೆಯೋ ತಿಳಿಯದು. ಬೆಂಗಳೂರಿನ ಯಾವ ದರ್ಶಿನಿಯಲ್ಲೇ ಆಗಲಿ, ಚಟ್ನಿ ನೀರಾಗಿದ್ದರೆ, ವಡೆ ಆರಿದ್ದರೆ, ಒಳಗಿನ ಭಟ್ಟರಿಗೂ ಕೇಳುವಂತೆ ಅದನ್ನು ಸಾರಿ, ಬಿಸಿಯದನ್ನು ಹಾಕಿಸಿಕೊಂಡೇ ಕೌಂಟರು ಬಿಡುವವರು ನಾವು. ಅದೇ ನಾವು ಒಂದು ತಟ್ಟೆಗೆ ನಾನೂರು ರೂಪಾಯಿ ತೆರುವ ಕಡೆ, ತಣ್ಣಗಿರುವುದನ್ನು ತಣ್ಣಗಿದೆ ಎನ್ನಲು ಅಕ್ಕಪಕ್ಕದ ಮೇಜುಗಳನ್ನು ನೋಡುತ್ತೇವೆ.

ಅಮ್ಮನ ಹುಟ್ಟುಹಬ್ಬದ ನೆಪದಲ್ಲಿ ಇಂದಿರಾನಗರದ ಅಂಥದೊಂದು ಜಾಗಕ್ಕೆ ಮನೆಯ ನಾಲ್ವರೂ ಹೋಗಿದ್ದೆವು. ಕುಳಿತ ಕೂಡಲೇ ಎದುರಾದದ್ದು, ಸಾದಾ ನೀರೋ ಬಾಟಲಿಯದೋ ಎಂಬ ಪ್ರಶ್ನೆ. ಸಾದಾ ನೀರು ಸಾಕೆಂದವರನ್ನು ಜಿಪುಣರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದರೂ, ಕೇಳುವವರ ನಯ ಹೇಗಿರುತ್ತದೆಂದರೆ ನಾಲಿಗೆ ತಾನಾಗಿ ಬಾಟಲಿಯ ಕಡೆಗೆ ಹೊರಳುತ್ತದೆ. ಹೋಟೆಲಿನವರು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದರಿಂದ, ಆ ವಿಷಯದಲ್ಲಿ ಗೊಣಗುವುದಕ್ಕೂ ನಮಗೆ ಆಧಾರ ಉಳಿದಿಲ್ಲ.

ಅಮ್ಮ ಬಿಸಿಬೇಳೆಬಾತ್ ಹೇಳಿದರು. ಅದು ಬಂದದ್ದು ಮಕ್ಕಳ ಆಟಿಕೆಯಂಥ ಪುಟ್ಟ ತಾಮ್ರದ ಬಕೆಟ್ಟಿನಲ್ಲಿ. ಜೊತೆಗೆ ಹೆಬ್ಬೆರಳುದ್ದದ ಗಿಂಡಿಯಲ್ಲಿ ತುಪ್ಪ, ಬೇರೊಂದು ಬಟ್ಟಲಿನಲ್ಲಿ ಎಣಿಸಬಹುದಾದಷ್ಟು ಬೂಂದಿ. ಮೇಲೆ ಹಬೆಯೇನೋ ಆಡುತ್ತಿತ್ತು, ಆದರೆ ಚಮಚವನ್ನು ಕೆಳಕ್ಕೆ ಇಳಿಸಿದರೆ ಅನ್ನವೂ ಬೇಳೆಯೂ ಒಂದೇ ಗಟ್ಟಿಯಾಗಿ ಮೇಲೆದ್ದು ಬಂದವು, ನಡುಭಾಗ ಫ್ರಿಜ್ಜಿನ ನೆನಪನ್ನು ಇನ್ನೂ ಬಿಟ್ಟಿರಲಿಲ್ಲ. ಚಕ್ಕೆಯ ಖಾರ ಮುಂದಾಗಿ ಹುಣಿಸೆಹಣ್ಣು ಎಲ್ಲೋ ಹಿಂದುಳಿದಿತ್ತು; ಮರಾಠಿ ಮೊಗ್ಗಂತೂ ಆ ಅಡುಗೆಮನೆಯ ಹೊಸ್ತಿಲನ್ನೇ ದಾಟಿದಂತಿರಲಿಲ್ಲ. ನಲವತ್ತು ವರ್ಷ ಬಿಸಿಬೇಳೆಬಾತಿನ ಪುಡಿಯನ್ನು ಮನೆಯಲ್ಲೇ ಹುರಿದು ಕುಟ್ಟಿದ ಅಮ್ಮ ಎರಡು ತುತ್ತು ತಿಂದು, “ತಾಮ್ರದ ಬಕೆಟ್ಟು ಚೆನ್ನಾಗಿದೆ ಕಣೋ” ಎಂದರು. ಉಳಿದ ಪದಾರ್ಥಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಹೋಳಿಗೆಯ ಮೇಲೆ ಐಸ್‌ಕ್ರೀಂ ಇಟ್ಟಿದ್ದರೆಂಬುದನ್ನು ಬಿಟ್ಟರೆ.

ಅಷ್ಟರಲ್ಲಿ ಬಡಿಸುವ ಹುಡುಗ ಬಂದು, “ಊಟ ಹೇಗಿತ್ತು ಮೇಡಂ?” ಎಂದು ಕೇಳಿದ. ದರ್ಶಿನಿಯ ಹುಳಿ ಚಟ್ನಿಯನ್ನು ನಾಲ್ಕು ಜನರೆದುರು ಜರಿದು ಹಿಂದಿರುಗಿಸುವ ಅಮ್ಮ, ಬಹಳ ಚೆನ್ನಾಗಿತ್ತೆಂದು ಮುಗುಳ್ನಕ್ಕರು. ಅವರದು ಸೌಜನ್ಯ ಮಾತ್ರವಲ್ಲವೆಂದು ನನ್ನ ಅನುಮಾನ. ಎಪ್ಪತ್ತು ರೂಪಾಯಿಯ ದೋಸೆ ಕೆಟ್ಟಿದ್ದರೆ ತಪ್ಪು ದೋಸೆಯದು. ನಾನೂರರ ಬಾತ್ ಕೆಟ್ಟಿದೆಯೆಂದರೆ ಅದನ್ನು ಕೊಡಿಸಲು ಕರೆತಂದ ಮಗನ ಮುಖ ಸಣ್ಣದಾಗುತ್ತದೆ, ಖರ್ಚಾದ ಹಣ ವ್ಯರ್ಥವೆಂದು ಎಲ್ಲರೆದುರು ಒಪ್ಪಿಕೊಂಡಂತಾಗುತ್ತದೆ. ಬೆಲೆ ಏರಿದಷ್ಟೂ ಊಟ ಚೆನ್ನಾಗಿರಲೇಬೇಕಾದ ಹೊಣೆ ಅಡುಗೆಯವನಿಂದ ಉಣ್ಣುವವರ ಹೆಗಲಿಗೆ ವರ್ಗವಾಗುವ ಈ ವ್ಯವಸ್ಥೆಯನ್ನು ಕಂಡುಹಿಡಿದವನು ಸಾಮಾನ್ಯ ವ್ಯಾಪಾರಿಯಲ್ಲ.

ಬಿಲ್ಲು ಬಂತು. ಊಟಕ್ಕೆ 3,200, ಅದರ ಮೇಲೆ ಶೇ 10ರ ಸೇವಾ ಶುಲ್ಕ 320, ಅವೆರಡರ ಮೊತ್ತದ ಮೇಲೆ ಶೇ 5ರ ಜಿಎಸ್‌ಟಿ 176, ಒಟ್ಟು 3,696 ರೂಪಾಯಿ. ಸೇವಾ ಶುಲ್ಕವನ್ನು ಕಡ್ಡಾಯವಾಗಿ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ ಎಂದು ತಂಗಿ ಪಿಸುಗುಟ್ಟಿದಳು. ಪಿಸುಗುಟ್ಟಿದಳೆಂಬುದನ್ನು ಗಮನಿಸಬೇಕು, ಕಾನೂನು ನಮ್ಮ ಪರವಾಗಿದ್ದರೂ ಆ ಮಂದ ಬೆಳಕಿನಲ್ಲಿ ದನಿಯೇರಲಿಲ್ಲ. ಕೊನೆಗೆ ಅವಳೇ ಕೇಳಿದಳು, ಮ್ಯಾನೇಜರು ಮರುಮಾತಿಲ್ಲದೆ ಹೊಸ ಬಿಲ್ಲು ಕಳುಹಿಸಿದರು, 336 ರೂಪಾಯಿ ಉಳಿಯಿತು. ಆದರೆ ಶುಲ್ಕ ತೆಗೆಸಿದ್ದು ಆ ಹುಡುಗನಿಗೆ ನೋವಾಗಿರಬಹುದೆಂದು ಅಮ್ಮ ಅದರಲ್ಲಿ ಮುನ್ನೂರನ್ನು ಅವನ ಕೈಗಿಟ್ಟರು. ಹೊರಗೆ ಕಾರು ತಂದುಕೊಟ್ಟವನು ಐವತ್ತು ಕೇಳಿದ.